ಕೈ ಎತ್ತಿದವನು ತಟ್ಟಿದನೋ ಇಲ್ಲವೋ

ಪುಸ್ತಕ ಓದುವವರಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಆಗುವುದಾದರೂ ಹೇಗೆ? ಅವರ ಕಣ್ಣು ಸೋತಷ್ಟೂ ನನ್ನ ಮನೆಯ ಒಲೆ ಉರಿಯುತ್ತದೆ. ನಾನು ಕನ್ನಡಕದ ಅಂಗಡಿಯವನು. ತೊಂದರೆ ಶುರುವಾದದ್ದು ಓದಿದ್ದರ ಬಗ್ಗೆ ಮಾತಾಡುವವರಿಂದ. ಇವರಲ್ಲಿ ಎಷ್ಟೋ ಜನರ ಕಣ್ಣು ಬಹಳ ಚೆನ್ನಾಗಿರುತ್ತದೆ. ಅದನ್ನು ಅವರು ಹೆಚ್ಚು ಬಳಸಿಯೇ ಇರುವುದಿಲ್ಲ.

ನನ್ನ ಅಂಗಡಿ ಟೈಲರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇದೆ. ಮೂರು ಗೋಡೆ ತುಂಬ ಫ್ರೇಮುಗಳು, ನಾಲ್ಕನೆಯದು ರಸ್ತೆ. ದೂರದ ನೋಟ ಪರೀಕ್ಷಿಸಲು ಗೋಡೆಯ ಮೇಲೆ ಅಕ್ಷರಗಳ ಪಟ. ಹತ್ತಿರದ ನೋಟಕ್ಕೆ, ಗಲ್ಲಾದ ಪಕ್ಕದಲ್ಲಿ ಇಳಿಜಾರು ಹಲಗೆಯ ಮೇಲೆ ಬಿಡಿಸಿಟ್ಟ ಒಂದು ಪುಸ್ತಕ. ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಆ ಪುಸ್ತಕವೇ.

ಅಂಗಡಿ ತೆರೆದ ಹೊಸದರಲ್ಲಿ ಲೆನ್ಸಿನ ಕಂಪನಿಯವರು ಓದಿಸಿ ನೋಡಲು ಒಂದು ಕಾರ್ಡು ಕೊಟ್ಟಿದ್ದರು. ಅದರಲ್ಲಿದ್ದ ವಾಕ್ಯಗಳಿಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಗಿರಾಕಿಗಳು ಓದಿ, "ಕಣ್ಣೇನೋ ಸರಿಯಾಯ್ತು, ತಲೆ ಕೆಟ್ಟೋಯ್ತು" ಎನ್ನುತ್ತಿದ್ದರು. ಆಗ ನನ್ನ ಹೆಂಡತಿ ತನ್ನ ಟ್ರಂಕಿನಿಂದ ಒಂದು ಕಾದಂಬರಿ ತೆಗೆದುಕೊಟ್ಟಳು. ಅವಳು ಮದುವೆಗೆ ಮುಂಚಿನಿಂದಲೂ ಓದುವವಳು. "ನಂಗೆ ತುಂಬಾ ಇಷ್ಟವಾದ್ದು ರೀ. ಒಂದ್ಸಲ ಓದಿ ನೋಡಿ," ಎಂದಳು. ನಾನು ಪುಸ್ತಕವನ್ನು ನಡುವೆ ಬಿಡಿಸಿ, ಕಣ್ಣಾಡಿಸಿ, "ಅಕ್ಷರ ಸರಿಯಾದ ಅಳತೆಯಲ್ಲಿದೆ," ಎಂದೆ. ಅವಳು ಟ್ರಂಕು ಮುಚ್ಚಿ ಒಳಗೆ ಹೋದಳು.

ನಾನು ಎಡಪುಟದ ಮೇಲೆ ಸಣ್ಣ ದೊಡ್ಡ ಅಕ್ಷರಗಳ ಒಂದು ಚೀಟಿ ಅಂಟಿಸಿದೆ. ಬಲಪುಟದ ಮೇಲೆ ಬೆರಳಿನ ಜಿಡ್ಡು ತಾಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡೂ ಕಡೆ ಕ್ಲಿಪ್ಪು ಬಿಗಿದೆ. ಅವತ್ತಿನಿಂದ ಆ ಪುಸ್ತಕ ಅಲ್ಲೇ ಇದೆ, ಅದೇ ಪುಟದಲ್ಲಿ. ಸುತ್ತಲಿನ ನಾಲ್ಕು ಬೀದಿಗಳಲ್ಲಿ ಓದುವ ಕನ್ನಡಕ ಹಾಕಿದವರೆಲ್ಲ ಆ ಪುಟ ಓದಿಯೇ ಹಾಕಿದವರು. ಪುಟದ ಕೊನೆ ಹೀಗಿದೆ:

"ಮೆಟ್ಟಿಲು ಹತ್ತಿ ಬಂದವನು ಬಾಗಿಲ ಮುಂದೆ ನಿಂತ. ಒಳಗೆ ದೀಪವಿತ್ತು. ಯಾರೋ ಪಾತ್ರೆ ಸರಿಸಿದ ಸದ್ದು ಕೇಳಿತು. ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ; ಈಗ ಅದರಲ್ಲಿ ಒಂದು ಮಾತೂ ನೆನಪಿರಲಿಲ್ಲ. ಅವನು ಕೈ ಎತ್ತಿದ."

ಅಲ್ಲಿಗೆ ಬಲಪುಟ ಮುಗಿಯುತ್ತದೆ. ಅವನು ಎತ್ತಿದ ಕೈಯನ್ನು ಏನು ಮಾಡಿದ ಎಂದು ತಿಳಿಯಬೇಕಾದರೆ ಹಾಳೆ ತಿರುಗಿಸಬೇಕು. ನಾನು ತಿರುಗಿಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಅಕ್ಷರದ ಅಳತೆ. ಅವನ ಕೈ ಕಟ್ಟಿಕೊಂಡು ನನಗೇನಾಗಬೇಕು? ಪುಟ ಮಾತ್ರ ಬಾಯಿಪಾಠವಾಗಿತ್ತು. ಗಿರಾಕಿ "ಮೆಟ್ಟಿಲು ಹ... ಹ..." ಎಂದು ತಡವರಿಸಿದರೆ, ಅತ್ತ ಫ್ರೇಮು ಒರೆಸುತ್ತಲೇ, "ಹತ್ತಿ ಬಂದವನು" ಎಂದು ನಾನೇ ಹೇಳಿಕೊಡುತ್ತಿದ್ದೆ. "ನಲವತ್ತು ದಾಟಿದ್ಮೇಲೆ ಎಲ್ಲರಿಗೂ ಬರೋದೇ ಸ್ವಾಮಿ, ಇದರಲ್ಲಿ ನಾಚಿಕೆ ಏನು?" ಎಂದು ಧೈರ್ಯವನ್ನೂ ಹೇಳುತ್ತಿದ್ದೆ. ನನ್ನ ಕಣ್ಣಿಗಂತೂ ದೇವರ ದಯೆಯಿಂದ ಏನೂ ಆಗಿರಲಿಲ್ಲ. ಇತ್ತೀಚೆಗೆ ಕಂಪನಿಯವರು ಫ್ರೇಮಿನ ಸ್ಕ್ರೂಗಳನ್ನು ತೀರ ಸಣ್ಣದಾಗಿ ಮಾಡತೊಡಗಿದ್ದರು, ಪತ್ರಿಕೆಯವರು ಶಾಯಿಯಲ್ಲಿ ನೀರು ಬೆರೆಸತೊಡಗಿದ್ದರು, ಅಷ್ಟೆ. ಇದರ ಬಗ್ಗೆ ಇಬ್ಬರಿಗೂ ಕಾಗದ ಬರೆಯಬೇಕೆಂದಿದ್ದೆ.

ಹೀಗಿರುವಾಗ ಒಂದು ದಿನ ಹೆಡ್‌ಮಾಸ್ಟರು ಬಂದರು. ನಿವೃತ್ತರಾದ ಮೇಲೂ ಬೀದಿಯವರನ್ನೆಲ್ಲ ತಮ್ಮ ತರಗತಿಯೆಂದೇ ತಿಳಿದವರು. ಲೈಬ್ರರಿಯಲ್ಲಿ ಸಂಜೆ ಸೇರುವ ಓದುಗರ ಕೂಟಕ್ಕೆ ಅವರೇ ಯಜಮಾನರು. ಹೊಸ ಲೆನ್ಸು ಹಾಕಿ ಕೂರಿಸಿದೆ. ಪುಟವನ್ನು ಸರಾಗವಾಗಿ ಓದಿ ಮುಗಿಸಿ, ತಲೆ ಎತ್ತಿ, "ಮುಂದೆ? ತಟ್ಟಿದ್ನಾ?" ಎಂದರು.

ಆಗ ನನ್ನ ತುಟಿಗಳ ನಡುವೆ ಒಂದು ಸ್ಕ್ರೂ ಇತ್ತು. ಬಾಯಿ ಬಿಡುವಂತಿರಲಿಲ್ಲ. ಸುಮ್ಮನೆ ಮುಗುಳ್ನಕ್ಕು, ಪುಸ್ತಕದ ಕಡೆ ಕೈ ತೋರಿಸಿದೆ.

"ಭೇಷ್!" ಎಂದರು ಹೆಡ್‌ಮಾಸ್ಟರು. "ಓದಿದವರ ಲಕ್ಷಣ ಅಂದ್ರೆ ಇದು. ಕಥೆ ಹೇಳಿ ರುಚಿ ಕೆಡಿಸೋದಿಲ್ಲ. ನೀವೇ ಓದಿ ಅಂತೀರಿ. ನಮ್ಮ ಕೂಟದಲ್ಲಿ ಒಬ್ಬನಿಗೂ ಈ ಸಂಯಮ ಇಲ್ಲ ಕಣ್ರೀ. ಈ ಲೇಖಕರ ಬರವಣಿಗೆ ಬಗ್ಗೆ ನಿಮ್ಮ ಅಭಿಪ್ರಾಯ?"

ಸ್ಕ್ರೂ ತೆಗೆದು, ನನಗೆ ತಿಳಿದಿದ್ದನ್ನು ಹೇಳಿದೆ. "ಅಚ್ಚುಕಟ್ಟು. ಸಾಲು ಸಾಲಿಗೂ ಸಾಕಷ್ಟು ಜಾಗ ಬಿಟ್ಟಿದ್ದಾರೆ. ಎಷ್ಟು ಹೊತ್ತು ನೋಡಿದ್ರೂ ಆಯಾಸ ಆಗಲ್ಲ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿ ತಲೆದೂಗಿದರು. "ಸಾಲು ಸಾಲಿನ ನಡುವೆ ಜಾಗ!" ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡು, ಕನ್ನಡಕದ ಡಬ್ಬಿ ಮರೆತು ಹೊರಟೇಹೋದರು. ನಾನು ಅವರನ್ನು ಕರೆದು, ಸ್ವಾಮಿ, ನಾನು ಹೇಳಿದ್ದು ಅಚ್ಚಿನ ವಿಷಯ ಎಂದು ಹೇಳಬಹುದಿತ್ತು. ಆದರೆ ಯಾರಾದರೂ ಹೊಗಳಿಸಿಕೊಳ್ಳುತ್ತಿರುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ, ಹೊಗಳಿಸಿಕೊಳ್ಳುತ್ತಿರುವವನು ನಾನೇ ಆಗಿದ್ದರೂ.

ಮರುದಿನದಿಂದ ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. "ಏನಾದ್ರೂ ಒಳ್ಳೇ ಪುಸ್ತಕ ಹೇಳಿ" ಎಂದುಕೊಂಡು ಬರುವವರು ಬಂದರು. "ನಾನೊಂದು ಹೇಳ್ತೀನಿ, ನೀವು ಓದಲೇಬೇಕು" ಎನ್ನುವವರು ಅವರಿಗಿಂತ ಹೆಚ್ಚು ಬಂದರು. ಎಲ್ಲರೂ ಕುರ್ಚಿಯಲ್ಲಿ ಕೂತು ಆ ಪುಟವನ್ನು ಮತ್ತೆ ಓದಿ, ಮತ್ತೆ ಎದ್ದು, ಅಭಿಪ್ರಾಯ ಹೇಳಿ, ಏನೂ ಕೊಳ್ಳದೆ ಹೋದರು. ಹಾಳೆ ತಿರುಗಿಸಲು ಕೈ ಹಾಕಿದವರಿಗೆ, ಕ್ಲಿಪ್ಪು ಬಿಚ್ಚಿದರೆ ಅಳತೆ ತಪ್ಪುತ್ತದೆ ಎನ್ನುತ್ತಿದ್ದೆ. ಪಕ್ಕದ ಟೈಲರ್ ಹೊಲಿಗೆಯಂತ್ರ ಬಿಟ್ಟು, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದು ನಿಲ್ಲತೊಡಗಿದ.

"ತಟ್ಟಿರಲ್ಲ," ಎಂದ ಟೈಲರ್. "ಒಂದು ಮಾತೂ ನೆನಪಿಲ್ಲ ಅಂತ ಬರೆದವ್ರೆ. ಮಾತೇ ಇಲ್ದೋನು ಬಾಗಿಲು ತಟ್ಟಿ ಏನ್ಮಾಡ್ತಾನೆ? ಹಾಗೇ ಇಳಿದು ಹೋಗಿರ್ತಾನೆ."

"ಕೈ ಎತ್ತಿದ್ಮೇಲೆ ತಟ್ಟಲೇಬೇಕು!" ಎಂದರು ಹೆಡ್‌ಮಾಸ್ಟರು. "ಇಲ್ಲದಿದ್ರೆ ಎತ್ತಿದ್ದು ಯಾಕೆ? ತಲೆ ಕೆರ್ಕೊಳ್ಳೋಕಾ?"

"ಕೆರ್ಕೊಂಡಿರಬಹುದು. ಗಾಬರಿಯಾದಾಗ ನಾನೂ ಕೆರ್ಕೋತೀನಿ."

"ಸಾಹಿತ್ಯದಲ್ಲಿ ಯಾರೂ ತಲೆ ಕೆರ್ಕೊಳ್ಳಲ್ಲ ಟೈಲರ್!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ಇಬ್ಬರೂ ತಮ್ಮ ತಮ್ಮ ಪಕ್ಷಕ್ಕೆ ಹಾಕಿಕೊಂಡರು. ಆ ವಾರ ಟೈಲರ್ ಹೆಡ್‌ಮಾಸ್ಟರ ಶರ್ಟಿನ ಒಂದು ತೋಳನ್ನು ಗಿಡ್ಡವಾಗಿ ಹೊಲಿದ. ಬೇಕೆಂದೇ ಹೊಲಿದದ್ದು ಎಂದು ಅವರು, ಕೈ ಎತ್ತಿದರೆ ಸರಿಹೋಗುತ್ತದೆ ಎಂದು ಇವನು. ಪಂಚಾಯಿತಿ ನನ್ನ ಅಂಗಡಿಯಲ್ಲೇ ನಡೆಯಿತು. ನಾನು ಯಾವ ಪಾಪ ಮಾಡಿದ್ದೆನೋ.

ಸುದ್ದಿ ಮನೆಗೂ ಬಂತು. ತಂದವನು ನನ್ನ ಭಾಮೈದ, ಹೆಂಡತಿಯ ತಮ್ಮ. ವಿಮೆಯ ಕಚೇರಿಯಲ್ಲಿ ಕೆಲಸ. ಪುಸ್ತಕಗಳ ಬಗ್ಗೆ ಪತ್ರಿಕೆಯಲ್ಲಿ ಬರುವುದನ್ನೆಲ್ಲ ಓದುತ್ತಾನೆ, ಪುಸ್ತಕಗಳನ್ನು ಬಿಟ್ಟು. ಯಾವ ಲೇಖಕರ ಹೆಸರು ಹೇಳಿದರೂ, "ಅವರ ಹಿಂದಿನ ಪುಸ್ತಕ ಇನ್ನೂ ಚೆನ್ನಾಗಿತ್ತು" ಎನ್ನುತ್ತಾನೆ. ಇದಕ್ಕೆ ಎದುರುತ್ತರ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

"ಅಕ್ಕ, ಭಾವ ದೊಡ್ಡ ಓದುಗರಂತೆ! ಬೀದಿಯೆಲ್ಲಾ ಹೇಳ್ತಿದೆ. ನಮಗೇ ಗೊತ್ತಿಲ್ವಲ್ಲ!" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿ, ಬೆಂಕಿ ಹಚ್ಚಿ ಹೋದ.

ನಮ್ಮ ಮನೆಯ ಊಟದ ಹೊತ್ತು ಹೇಗಿರುತ್ತಿತ್ತೆಂದು ಇಲ್ಲಿ ಹೇಳಬೇಕು. ಹೆಂಡತಿ ನೀರಿನ ಜಗ್ಗಿಗೆ ಒಂದು ಪುಸ್ತಕ ಒರಗಿಸಿಕೊಂಡು ಓದುತ್ತ ಊಟ ಮಾಡುತ್ತಿದ್ದಳು. ನಾನು ಗೋಡೆ ನೋಡುತ್ತ ಮಾಡುತ್ತಿದ್ದೆ. "ಉಪ್ಪು ಸರಿಯಾಗಿದೆಯಾ?" "ಸರಿಯಾಗಿದೆ." ಅಷ್ಟರಲ್ಲಿ ಊಟ ಮುಗಿಯುತ್ತಿತ್ತು. ಜಗಳವೇನಿಲ್ಲ. ಜಗಳವಾಡಲೂ ಏನಾದರೂ ವಿಷಯ ಬೇಕಲ್ಲ.

ಅವತ್ತು ಅವಳು ಪುಸ್ತಕವನ್ನು ಮಡಿಚಿ ಪಕ್ಕಕ್ಕಿಟ್ಟಳು.

"ಏನ್ರೀ, ಆ ಪುಸ್ತಕ ಓದಿದ್ರಂತೆ? ಯಾವಾಗ?"

"ಅಂಗಡೀಲೇ... ಹೀಗೇ... ಆಗಾಗ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು: "ಅವನ ತಂಗಿ ಬರ್ತಾಳಲ್ಲ, ಅವಳ ಬಗ್ಗೆ ನಿಮಗೇನನ್ನಿಸ್ತು?"

ನೀರು ಕುಡಿದು, ಆದಷ್ಟು ಬೇಸರದ ಧ್ವನಿಯಲ್ಲಿ, "ಪಾಪ," ಎಂದೆ. "ಆ ಹುಡುಗಿಗೆ ಹಾಗಾಗಬಾರದಿತ್ತು."

"ಹೌದಲ್ವಾ!" ಅವಳ ಮುಖ ಅರಳಿತು. "ಓದ್ತಿದ್ದ ಹುಡುಗೀನ ಓದು ಬಿಡಿಸಿ ಕೂರಿಸಿದ್ರಲ್ಲ, ಅದು ಸರೀನಾ ಹೇಳಿ."

"ಸರೀನಾ? ಶುದ್ಧ ಅನ್ಯಾಯ! ಅವರಪ್ಪನಿಗಾದ್ರೂ ಬುದ್ಧಿ ಬೇಡ್ವಾ?"

"ಅಪ್ಪ ಇಲ್ಲ ಅವಳಿಗೆ."

"ಅದೇ ಹೇಳಿದ್ದು. ಇದ್ದಿದ್ರೆ ಬುದ್ಧಿ ಇರ್ತಿತ್ತು."

ಅವಳು ನಕ್ಕಳು. ಊಟ ಮುಗಿದು ತಟ್ಟೆ ಒಣಗುವವರೆಗೂ ಆ ತಂಗಿಯ ಬಗ್ಗೆ ಮಾತಾಡಿದೆವು. ಅಂದರೆ ಅವಳು ಹೇಳಿದಳು, ನಾನು ಕನಿಕರಪಟ್ಟೆ. ಮರುದಿನ ಅವಳು ಜಗ್ಗಿಗೆ ಪುಸ್ತಕ ಒರಗಿಸಲಿಲ್ಲ, ನೇರವಾಗಿ ನನ್ನ ಎದುರಿಗೆ ಕೂತು, "ಆ ತಂಗಿ ಕೊನೆಗೆ ಟೈಪಿಂಗ್ ಕಲಿಯೋಕೆ ಹೋಗ್ತಾಳಲ್ಲ..." ಎಂದು ಶುರುಮಾಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಂಜೆಯಾಗುತ್ತಲೇ ಅಂಗಡಿಯ ಬಾಗಿಲು ಎಳೆದು ಮನೆಗೆ ಓಡಬೇಕೆನ್ನಿಸುತ್ತಿತ್ತು. ಮದುವೆಯಾದ ಇಷ್ಟು ವರ್ಷಕ್ಕೆ ಹೆಂಡತಿ ನನ್ನ ಅಭಿಪ್ರಾಯ ಕೇಳುತ್ತಿದ್ದಳು. ಈಗ ನಾನು ಹೋಗಿ, ನೋಡೇ, ನನಗೆ ಗೊತ್ತಿರುವುದು ಒಂದೇ ಪುಟ ಎಂದರೆ? ಮತ್ತೆ ಜಗ್ಗು, ಮತ್ತೆ ಗೋಡೆ. ಅದನ್ನು ನೆನೆಸಿಕೊಂಡರೇ ಊಟ ಸೇರುತ್ತಿರಲಿಲ್ಲ.

ಹಾಗಾದರೆ ಆ ಪುಸ್ತಕವನ್ನು ಓದಿಬಿಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕೇಳುವುದು ಸುಲಭ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ನನ್ನ ಸುತ್ತ ಜನ. ಓದಿ ಅರೆದು ಕುಡಿದವನೆಂದು ಹೆಸರು ಪಡೆದವನು ಅವರೆದುರಿಗೆ ಕ್ಲಿಪ್ಪು ಬಿಚ್ಚಿ ಓದಲು ಕೂರುವುದು ಹೇಗೆ? ಮನೆಗೆ ತಂದರೆ ಹೆಂಡತಿ, "ಇದ್ಯಾಕೆ ಮತ್ತೆ?" ಎಂದು ಕೇಳದೆ ಇರುತ್ತಾಳೆಯೇ?

ಇದರ ಮಧ್ಯೆ ಟೈಲರ್ ಬಂದು, ಹೊಸದೇನಾದರೂ ಹೇಳಬೇಕೆಂದು ಪ್ರಾಣ ತಿಂದ. ತಪ್ಪಿಸಿಕೊಳ್ಳಲು, "ಬಾಗಿಲನ್ನೇ ಹಿಡ್ಕೊಂಡು ಕೂತಿದ್ದೀರಲ್ಲಪ್ಪ, ಆ ತಂಗಿ ಗತಿ ಏನು ಅಂತ ಯಾರಾದ್ರೂ ಯೋಚನೆ ಮಾಡಿದ್ರಾ?" ಎಂದುಬಿಟ್ಟೆ.

ಅಷ್ಟೇ ಸಾಕಾಯಿತು. ತಂಗಿ ಬೀದಿಗೆ ಬಂದಳು. ಹೆಡ್‌ಮಾಸ್ಟರು ಕೂಟದಲ್ಲಿ ತಂಗಿಯ ಮೇಲೆ ಇಡೀ ಒಂದು ಸಂಜೆ ಮಾತಾಡಿದರು. ಔಷಧಿ ಅಂಗಡಿಯಾಕೆ ತಂಗಿಯ ಓದು ಬಿಡಿಸಿದ ವಿಷಯ ಕೇಳಿ ಕಣ್ಣೊರೆಸಿಕೊಂಡು, ನನ್ನ ಕೈಗೆ ಬೇಡದ ಮಾತ್ರೆ ಕೊಟ್ಟಳು. ಇವರಲ್ಲಿ ಒಬ್ಬರೂ ಆ ಒಂದು ಪುಟದಾಚೆಗೆ ಕಾದಂಬರಿಯನ್ನು ಕಂಡವರಲ್ಲ. ಆದರೆ ಕಂಡಿಲ್ಲವೆಂದು ಒಪ್ಪಿಕೊಂಡವರೂ ಇಲ್ಲ. "ಹಿಂದೆ ಯಾವಾಗಲೋ ಓದಿದ್ದೆ, ಮತ್ತೆ ಓದಬೇಕು" ಎನ್ನುತ್ತಿದ್ದರು. ಮತ್ತೆ ಓದಲು ಎಲ್ಲರೂ ಸಾಲಾಗಿ ಲೈಬ್ರರಿಗೆ ಹೋದರು.

ಅದರ ಫಲವಾಗಿ ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ನನ್ನ ಅಂಗಡಿಗೆ ಬಂದರು. ಬಹಳ ಶಿಸ್ತಿನ ಹೆಂಗಸು; ಮೌನವಾಗಿರಿ ಎಂಬ ಫಲಕವನ್ನು ಮುಖದ ಮೇಲೇ ತೂಗುಹಾಕಿಕೊಂಡಂತೆ ಇರುತ್ತಾರೆ.

"ಏನ್ರೀ ನೀವು ಮಾಡ್ತಿರೋದು?" ಎಂದರು. "ಇಡೀ ಬೀದಿ ಬಂದು ಒಂದೇ ಪುಸ್ತಕ ಕೇಳ್ತಿದೆ. ನಮ್ಮಲ್ಲಿ ಇಲ್ಲ. ಬೇರೆ ಶಾಖೆಗಳಲ್ಲೂ ಇಲ್ಲ. ಅಂಗಡಿಗಳಲ್ಲಿ ಕೇಳಿದ್ರೆ ಅಚ್ಚು ನಿಂತೇ ಎಷ್ಟೋ ಕಾಲ ಆಯ್ತಂತೆ. ಜನಕ್ಕೆ ಬೇಕಾದ ಪುಸ್ತಕ ಇಟ್ಟಿಲ್ಲ ಅಂತ ಮೇಲಿನವರು ನನಗೆ ವಿವರಣೆ ಕೇಳಿದ್ದಾರೆ. ಆ ಪ್ರತಿ ಕೊಡಿ ಇಲ್ಲಿ."

"ಮೇಡಂ, ಅದು ಪುಸ್ತಕ ಅಲ್ಲ, ಉಪಕರಣ. ಬಿಚ್ಚಿದ್ರೆ ಅಳತೆ ತಪ್ಪುತ್ತೆ," ಎಂದು ಹಲಗೆಗೆ ಅಡ್ಡ ನಿಂತೆ.

ಅವರು ಬಗ್ಗಿ ಪುಟದ ತಲೆಯ ಮೇಲಿದ್ದ ಲೇಖಕರ ಹೆಸರು ಓದಿ ಗುರುತು ಹಾಕಿಕೊಂಡು ಹೋದರು. ವಾರ ಕಳೆಯುವಷ್ಟರಲ್ಲಿ ಆ ಲೇಖಕರನ್ನು ಹುಡುಕಿಯೇಬಿಟ್ಟರು. ಊರಿನ ಆ ಕೊನೆಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಬರೆಯುವುದು ಬಿಟ್ಟು ಯುಗವಾಗಿದೆಯಂತೆ. ಒಂದು ಬಡಾವಣೆ ಪೂರ್ತಿ ತಮ್ಮ ಕಾದಂಬರಿಗಾಗಿ ಬಡಿದಾಡುತ್ತಿದೆ ಎಂದು ಕೇಳಿ ಮುದುಕರು ಎದ್ದು ನಿಂತುಬಿಟ್ಟರಂತೆ. ಭಾನುವಾರ ಲೈಬ್ರರಿ ಹಾಲ್‌ನಲ್ಲಿ ಸಂವಾದ. ಮುಖ್ಯವಾಗಿ ಮಾತಾಡಬೇಕಾದವನು ನಾನು.

ಹೊಟ್ಟೆನೋವೆಂದೆ. ಹೆಂಡತಿ ಔಷಧಿ ಅಂಗಡಿಯಾಕೆ ಕೊಟ್ಟಿದ್ದ ಮಾತ್ರೆ ಹುಡುಕಿ ತಂದಳು. ಶರ್ಟಿಲ್ಲವೆಂದೆ. ಅವಳು ಆಗಲೇ ಇಸ್ತ್ರಿ ಮಾಡಿಟ್ಟಿದ್ದಳು. "ಆ ಪುಸ್ತಕಾನ ಹಲಗೆ ಸಮೇತ ತಗೊಂಡ್ಬನ್ನಿ. ಅವರಿಗೆ ನೋಡಿ ಖುಷಿ ಆಗುತ್ತೆ," ಎಂದಳು.

ಹಾಲ್ ತುಂಬಿತ್ತು. ಇಣುಕಿ ನೋಡಿದರೆ ಬರೀ ಕನ್ನಡಕಗಳು, ಎಲ್ಲ ನನ್ನವೇ. ಬೇರೆ ದಿನವಾಗಿದ್ದರೆ ಹೆಮ್ಮೆಪಡುತ್ತಿದ್ದೆ. ಹೆಂಡತಿ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಲೇಖಕರು ಸಣ್ಣ ದೇಹದ, ದೊಡ್ಡ ಕಿವಿಯ ಮುದುಕರು. ಎಲ್ಲರಿಗೂ ಕೈಮುಗಿಯುತ್ತ, ಯಾರೋ ತಪ್ಪಾಗಿ ಕರೆದಿದ್ದಾರೇನೋ ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಮೊದಲು ಭಾಮೈದ ಎದ್ದ. "ತುಂಬಾ ಒಳ್ಳೇ ಕೃತಿ ಸಾರ್. ಆದ್ರೆ ನಿಮ್ಮ ಹಿಂದಿನ ಪುಸ್ತಕ ಇನ್ನೂ ಚೆನ್ನಾಗಿತ್ತು."

"ಇದೇ ನನ್ನ ಮೊದಲನೇ ಪುಸ್ತಕ," ಎಂದರು ಲೇಖಕರು.

"ಅದೇ ಸಾರ್, ಅದಕ್ಕೂ ಹಿಂದೆ," ಎಂದು ಅವನು ಕೂತ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಬಾಗಿಲ ಮುಂದೆ ಕೈ ಎತ್ತಿ ನಿಂತ ಆ ಮನುಷ್ಯ! ಅದೊಂದು ಚಿತ್ರಕ್ಕಾಗಿ ಈ ಕಾದಂಬರಿ ಉಳಿಯುತ್ತೆ."

ಔಷಧಿ ಅಂಗಡಿಯಾಕೆ, ಬಾಗಿಲ ಹಿಂದಿನ ಆ ಪಾತ್ರೆ ಸದ್ದು ತನಗೆ ನಿದ್ದೆಯಲ್ಲೂ ಕೇಳುತ್ತದೆ ಎಂದಳು. ಮತ್ತೊಬ್ಬರು ಮೆಟ್ಟಿಲನ್ನು ಹೊಗಳಿದರು. ಇನ್ನೊಬ್ಬರು ಒಳಗಿದ್ದ ದೀಪವನ್ನು ಹೊಗಳಿದರು. ಲೇಖಕರ ಮುಖದಲ್ಲಿ ಮೊದಲು ಬೆಳಕು ಬಂತು. ಐದಾರು ಜನ ಮಾತಾಡಿದ ಮೇಲೆ ಹುಬ್ಬು ಗಂಟಾಯಿತು. "ಅಲ್ಲ, ಆ ಬಾಗಿಲು ಬಿಟ್ಟು..." ಎಂದರು ಮೆಲ್ಲಗೆ.

"ತಂಗಿ!" ಎಂದು ಟೈಲರ್ ಎದ್ದ. "ಬಾಗಿಲು ಬಿಟ್ರೆ ಆ ತಂಗೀನೇ ಸಾರ್. ಅವಳನ್ನ ಓದು ಬಿಡಿಸಿ ತಪ್ಪು ಮಾಡಿದ್ರಿ ನೀವು. ನನಗೂ ಒಬ್ಬಳು ತಂಗಿ ಇದ್ದಾಳೆ."

ಲೇಖಕರು ಬಹಳ ಹೊತ್ತು ಚಾವಣಿ ನೋಡಿದರು. "ತಂಗಿ... ಇದ್ದಳೇ? ಇದ್ದಿರಬೇಕು. ಬರೆದು ಎಷ್ಟು ಕಾಲವಾಯಿತು! ಕ್ಷಮಿಸಿ, ಓದು ಬಿಡಿಸಬಾರದಿತ್ತು."

ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿಗೆ ಕೆಮ್ಮು ಹತ್ತಿತು. ಸೆರಗನ್ನು ಬಾಯಿಗೊತ್ತಿಕೊಂಡು ಬಗ್ಗಿಬಿಟ್ಟಳು. ಪಾಪ, ತಂಗಿಯ ವಿಷಯ ಬಂದರೆ ಅವಳಿಗೆ ಹಾಗೇ ಎಂದುಕೊಂಡೆ.

"ಅದೆಲ್ಲ ಇರ್ಲಿ," ಎಂದರು ಹೆಡ್‌ಮಾಸ್ಟರು, "ಇವತ್ತು ತೀರ್ಮಾನ ಆಗ್ಲೇಬೇಕು. ಅವನು ತಟ್ಟಿದ್ನೋ ಇಲ್ವೋ?"

"ನನಗೂ ಮರೆತುಹೋಗಿದೆ ಸ್ವಾಮಿ. ನನ್ನ ಹತ್ತಿರ ಒಂದು ಪ್ರತಿಯೂ ಉಳಿದಿಲ್ಲ." ಲೇಖಕರು ನನ್ನ ಕಡೆ ತಿರುಗಿ ಕೈಮುಗಿದರು. "ಇವರೇ ಅಲ್ವೇ ಇಷ್ಟು ವರ್ಷ ಕಾಪಾಡಿಕೊಂಡು ಬಂದವರು? ನೀವೇ ಮುಂದಿನ ಪುಟ ಓದಿಬಿಡಿ. ನಾನೂ ಕೇಳ್ತೀನಿ."

ಹಾಲ್ ಚಪ್ಪಾಳೆ ತಟ್ಟಿತು. ಸರಿ, ಓದುವುದೇ ತಾನೇ, ಇದರಲ್ಲಿ ಸಿಕ್ಕಿಬೀಳುವುದೇನಿದೆ ಎಂದು ಧೈರ್ಯ ತಂದುಕೊಂಡೆ. ಕ್ಲಿಪ್ಪು ಬಿಚ್ಚಿದೆ. ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು, ಎಳೆದು ತೆಗೆದೆ. ಪುಟ ತಿರುಗಿಸಿದೆ.

ಆ ಪುಟದಲ್ಲಿ ಅಕ್ಷರಗಳೇ ಇರಲಿಲ್ಲ. ಇರುವೆ ಸಾಲಿನ ಹಾಗೆ ಏನೋ ಕಪ್ಪಗೆ ಓಡಾಡುತ್ತಿತ್ತು. ತೇವಕ್ಕೆ ಶಾಯಿ ಹರಡಿರಬೇಕು ಎಂದುಕೊಂಡೆ. ಹಲಗೆಯನ್ನು ಸ್ವಲ್ಪ ದೂರ ಹಿಡಿದೆ. ಇನ್ನೂ ಸ್ವಲ್ಪ ದೂರ ಹಿಡಿದೆ. ತಲೆಯನ್ನು ಹಿಂದಕ್ಕೆಳೆದೆ. ಬೆಳಕಿನ ಕಡೆ ತಿರುಗಿಸಿದೆ. ಕೈ ಪೂರ್ತಿ ನೀಳವಾಯಿತು. ಅದಕ್ಕಿಂತ ಉದ್ದದ ಕೈ ನನಗಿರಲಿಲ್ಲ.

ಹಾಲ್‌ನಲ್ಲಿ ಕೂತಿದ್ದವರಲ್ಲಿ ಪ್ರತಿಯೊಬ್ಬರೂ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು, ಇದೇ ಹಲಗೆಯನ್ನು ಹೀಗೇ ದೂರ ದೂರ ತಳ್ಳಿದವರು. ಕೊನೆಗೆ ಟೈಲರ್‌ನ ಧ್ವನಿ ಬಂತು. "ನಲವತ್ತು ದಾಟಿದ್ಮೇಲೆ ಎಲ್ಲರಿಗೂ ಬರೋದೇ ಅಣ್ಣ. ಇದರಲ್ಲಿ ನಾಚಿಕೆ ಏನು?"

ಹಾಲ್ ಬಿದ್ದು ಬಿದ್ದು ನಕ್ಕಿತು. ಕನ್ನಡಕದಂಗಡಿಯವನಿಗೆ ಕಣ್ಣು ಕಾಣುವುದಿಲ್ಲ! ಸ್ಕ್ರೂಗಳು, ಪತ್ರಿಕೆಯ ಶಾಯಿ, ಎಲ್ಲ ಒಟ್ಟಿಗೆ ನೆನಪಾಯಿತು. ಪುಟ ಬಾಯಿಪಾಠವಾಗಿದ್ದರಿಂದ ಅದು ಕಾಣುವುದು ನಿಂತದ್ದೇ ನನಗೆ ಗೊತ್ತಾಗಿರಲಿಲ್ಲ.

ಭಾಮೈದ ನನ್ನನ್ನು ಕಾಪಾಡಲು ಎದ್ದು ನಿಂತ. ಅವನು ಕಾಪಾಡಲು ಹೊರಟಾಗಲೇ ನಾನು ಹೆದರಬೇಕಿತ್ತು. "ಕಾಣದಿದ್ರೇನು? ಭಾವನಿಗೆ ಆ ಪುಸ್ತಕ ಬಾಯಿಪಾಠ! ಭಾವ, ನೋಡದೇ ಹೇಳಿಬಿಡಿ. ಅವನು ಕೈ ಎತ್ತಿದ. ಆಮೇಲೆ?"

ಆಮೇಲೆ ಏನೂ ಇಲ್ಲ. ನಾನು ಹೆಂಡತಿಯ ಕಡೆ ನೋಡಿದೆ. ಅವಳೊಬ್ಬಳೇ ನಗುತ್ತಿರಲಿಲ್ಲ. ಜಗ್ಗು, ಗೋಡೆ, ಉಪ್ಪು, ಎಲ್ಲ ಕಣ್ಣ ಮುಂದೆ ಬಂತು. ಆದರೂ ಹೇಳದೆ ಬೇರೆ ದಾರಿ ಇರಲಿಲ್ಲ.

"ಗೊತ್ತಿಲ್ಲ," ಎಂದೆ. "ನಾನು ಓದಿದ್ದು ಆ ಒಂದು ಪುಟ ಮಾತ್ರ."

ನಗು ನಿಂತಿತು. ಹೆಡ್‌ಮಾಸ್ಟರು ಬೆರಳು ಎತ್ತಿ, "ಮೋಸ! ಹಾಗಾದ್ರೆ ಇಷ್ಟು ದಿನ..." ಎಂದು ಶುರುಮಾಡಿದರು. ಅಷ್ಟರಲ್ಲಿ ಹೆಂಡತಿ ಎದ್ದು ಬಂದಳು. ತನ್ನ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಮೂಗಿನ ಮೇಲೆ ಕೂರಿಸಿದಳು. ಕಂದು ಬಣ್ಣದ ಆ ಫ್ರೇಮು ನಾನೇ ಆರಿಸಿ ಕೊಟ್ಟದ್ದು.

"ಓದಿ," ಎಂದಳು.

ಇರುವೆಗಳೆಲ್ಲ ಸಾಲಾಗಿ ನಿಂತು ಅಕ್ಷರವಾದವು. ಓದಿದೆ.

"ತಟ್ಟುವ ಅಗತ್ಯವೇ ಬರಲಿಲ್ಲ. ಬಾಗಿಲು ಮುಂದೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ. 'ಎಷ್ಟು ಹೊತ್ತು ಅಂತ ಹೊರಗೇ ನಿಂತಿರ್ತೀರಿ?' ಎಂದಳು ಒಳಗಿನಿಂದ."

ನನಗೆ ಮುಂದೆ ಓದಲಾಗಲಿಲ್ಲ. ಲೆನ್ಸು ಮಸುಕಾಗಿತ್ತು; ಪವರ್ ತಪ್ಪಿದ್ದರಿಂದ ಅಲ್ಲ.

"ಪರವಾಗಿಲ್ಲ," ಎಂದರು ಲೇಖಕರು ಆಶ್ಚರ್ಯದಿಂದ. "ಚೆನ್ನಾಗೇ ಬರೆದಿದ್ದೀನಿ." ಆಮೇಲೆ ಸಭೆಯ ಕಡೆ ತಿರುಗಿದರು. "ಇವರು ಒಂದು ಪುಟ ಓದಿದ್ದಾರೆ, ಸರಿ. ಉಳಿದವರಲ್ಲಿ ಯಾರು ಯಾರು ಪುಸ್ತಕ ಓದಿದ್ದೀರಿ?"

ಹೆಡ್‌ಮಾಸ್ಟರ ಎತ್ತಿದ ಬೆರಳು ಅಲ್ಲೇ ನಿಂತಿತು. ತಟ್ಟಲೂ ಆಗದೆ ಇಳಿಸಲೂ ಆಗದೆ ಕೊನೆಗೆ ಅವರು ಅದರಿಂದ ತಲೆ ಕೆರೆದುಕೊಂಡರು. ಟೈಲರ್ ಅದನ್ನು ನೋಡಿ ತೃಪ್ತಿಯಿಂದ ತಲೆದೂಗಿದ. ಹಾಲ್‌ನಲ್ಲಿ ಎಲ್ಲರೂ ತಮ್ಮ ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಎತ್ತಿದ್ದು ಒಂದೇ ಕೈ, ನನ್ನ ಹೆಂಡತಿಯದು. ಲೈಬ್ರರಿ ಮೇಡಂ ದಡಬಡನೆ ಎದ್ದು ವಂದನಾರ್ಪಣೆ ಮಾಡಿ ಮುಗಿಸಿದರು. ಮುದುಕರು ಹೊರಡುವಾಗ ನನ್ನ ಬೆನ್ನು ತಟ್ಟಿ, "ಒಂದು ಪುಟವಾದ್ರೂ ಇಷ್ಟು ಜನ ಓದಿದ್ದಾರಲ್ಲ. ನನ್ನ ಉಳಿದ ಪುಸ್ತಕಗಳಿಗೆ ಅದೂ ಗತಿಯಿಲ್ಲ," ಎಂದರು.

ಮನೆಯಲ್ಲಿ ಬಿರುಗಾಳಿ ಏಳುತ್ತದೆಂದು ಕಾದೆ. ಏನೂ ಇಲ್ಲ. ಮರುದಿನ ನನಗೊಂದು ಓದುವ ಕನ್ನಡಕ ಮಾಡಿಕೊಂಡೆ. ಸಂಜೆ ಊಟವಾದ ಮೇಲೆ ಹೆಂಡತಿ ಆ ಪುಸ್ತಕವನ್ನು ಮೊದಲ ಪುಟದಿಂದ ತೆರೆದಳು. ಒಂದು ಪುಟ ಅವಳು, ಒಂದು ಪುಟ ನಾನು. ಅಂಗಡಿಯ ಹಲಗೆಗೆ ಕಂಪನಿಯ ಹಳೆಯ ಕಾರ್ಡನ್ನೇ ಹಾಕಿದೆ. ಹೆಡ್‌ಮಾಸ್ಟರು ಅದನ್ನು ಓದಿ, "ಇದು ಹೊಸ ಬಗೆಯ ಬರವಣಿಗೆ. ಎಲ್ಲರಿಗೂ ಅರ್ಥ ಆಗಲ್ಲ," ಎಂದರು. ನಾನು ಮುಗುಳ್ನಗಲಿಲ್ಲ. ಒಮ್ಮೆ ಸುಟ್ಟ ತುಟಿ ಅದು.

ಓದು ಸಾಗಿತು. ಬಾಗಿಲೂ ಬಂತು, ತೆರೆದೂ ಆಯಿತು. "ತಂಗಿ ಇನ್ನೂ ಬರಲಿಲ್ವಲ್ಲ?" ಎಂದು ಒಂದು ದಿನ ಕೇಳಿದೆ.

"ಮುಂದೆ ಬರ್ತಾಳೆ. ಓದಿ."

ಇನ್ನೊಂದು ದಿನ ಕೇಳಿದೆ. "ಇನ್ನೂ ಮುಂದೆ," ಎಂದಳು. ತಂಗಿಯನ್ನು ನೋಡುವ ಆಸೆಗೆ ಅಂಗಡಿ ಬೇಗ ಮುಚ್ಚಿ ಬರತೊಡಗಿದೆ. ಕೊನೆಗೆ ಕಡೆಯ ಪುಟವೂ ಬಂತು, ಕಡೆಯ ಸಾಲೂ ಬಂತು. ನಾನು ಪುಸ್ತಕ ಮುಚ್ಚಿ, ಮತ್ತೆ ತೆರೆದು, ರಟ್ಟಿನ ಒಳಗೂ ನೋಡಿದೆ.

"ಏನಿದು? ತಂಗೀನೇ ಇಲ್ಲ!"

"ಇಲ್ಲ," ಎಂದಳು ಹೆಂಡತಿ.

"ಮತ್ತೆ ಓದು ಬಿಡಿಸಿದ್ದು? ಟೈಪಿಂಗು? ನಾನು ಅಷ್ಟೊಂದು ಮರುಗಿದ್ದು?"

ಅವಳು ನಗು ತಡೆದುಕೊಂಡಿದ್ದಳು.

"ಅಂದ್ರೆ, ನಾನು ಓದಿಲ್ಲ ಅಂತ ಮೊದಲನೇ ದಿನಾನೇ ನಿನಗೆ ಗೊತ್ತಾಗಿತ್ತು!"

"ಪಾಪ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು."

"ಗೊತ್ತಾದ್ಮೇಲೂ ದಿನಾ ಯಾಕೆ ಕೇಳ್ತಿದ್ದೆ? ನನ್ನ ಮಾನ ತೆಗೆಯೋಕಾ?"

ಅವಳು ಪುಸ್ತಕದ ಮೇಲಿನ ಧೂಳು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಓದಿರಲಿಲ್ಲ, ಸರಿ. ಆದ್ರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ರಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಇಡೀ ಬೀದಿಯನ್ನು ಇಲ್ಲದ ಹುಡುಗಿಗಾಗಿ ಅಳಿಸಿದ್ದೆ, ಒಬ್ಬ ವಯಸ್ಸಾದ ಲೇಖಕರಿಂದ ಸಭೆಯಲ್ಲಿ ಕ್ಷಮೆ ಕೇಳಿಸಿದ್ದೆ. ನಾಲ್ಕು ಮಾತು ಅನ್ನಬೇಕೆಂದೇ ಬಾಯಿ ತೆರೆದೆ. ಹೇಳಬೇಕೆಂದಿದ್ದರಲ್ಲಿ ಒಂದು ಮಾತೂ ನೆನಪಾಗಲಿಲ್ಲ.

"ಹೋಗ್ಲಿ," ಎಂದೆ. "ಟೈಪಿಂಗ್ ಕಲಿತ ಮೇಲೆ ಆ ತಂಗಿಗೆ ಏನಾಯ್ತು?"

ಅವಳು ಕನ್ನಡಕ ತೆಗೆದಿಟ್ಟು, ಕಾಲು ಮಡಿಚಿಕೊಂಡು ಕೂತು, ಹೇಳತೊಡಗಿದಳು.